ರವೆ ಡಬ್ಬಿಯ ದಿನಾಂಕ: ಪ್ಯಾಕೆಟ್ ನಂಬಬೇಕೋ, ಮೂಗು ನಂಬಬೇಕೋ, ಚೀಟಿ ಅಂಟಿಸಬೇಕೋ?

ರವೆ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಡಬ್ಬಿಗೆ ಸುರಿದ ಕೂಡಲೇ ಅದರ ದಿನಾಂಕ ಕಸದ ಬುಟ್ಟಿ ಸೇರುತ್ತದೆ. ಮೂರು ತಿಂಗಳ ಮೇಲೆ ಯಾರೋ ಡಬ್ಬಿ ತೆರೆದು, ‘ಇದು ಯಾವಾಗಿನದೋ ಏನೋ’ ಎನ್ನುತ್ತ ಹಸಿಕಸದ ಬಕೆಟ್ಟಿಗೆ ಬಗ್ಗಿಸುತ್ತಾರೆ. ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯಲ್ಲಿ ಕಳೆದ ದಸರೆಗೆ ಮುಂಚೆ ಅಡುಗೆಮನೆಯ ಗೂಡುಗಳನ್ನು ಒರೆಸುವಾಗ ಹೀಗೆ ಹೋದವು: ಅರ್ಧ ಕಿಲೋ ಶಾವಿಗೆ, ಒಂದು ಡಬ್ಬಿ ಬನ್ಸಿ ರವೆ, ಹುರಿಗಡಲೆ ಪುಡಿ, ಮಗಳು ಯಾವುದೋ ವಿಡಿಯೊ ನೋಡಿ ತರಿಸಿ ಎರಡು ಸಲ ತಿಂದು ಬಿಟ್ಟಿದ್ದ ಓಟ್ಸ್. ಇವುಗಳಲ್ಲಿ ನಿಜಕ್ಕೂ ಕೆಟ್ಟಿದ್ದು ಹುರಿಗಡಲೆ ಪುಡಿ ಒಂದೇ. ಮುಚ್ಚಳ ತೆಗೆದರೆ ಕಮಟು ವಾಸನೆ ನಡುಮನೆಗೆ ಬರುತ್ತಿತ್ತು. ಉಳಿದವು ಕೇವಲ ಅನುಮಾನಕ್ಕೆ ಹೋದವು.

ಆ ದಿನ ಮನೆಯಲ್ಲಿ ನಡೆದ ವಾದದಲ್ಲಿ ಮೂರು ಪಕ್ಷಗಳಿದ್ದವು. ಮಗಳದು ಪ್ಯಾಕೆಟ್ ಪಕ್ಷ: ಬರೆದ ದಿನ ದಾಟಿತೇ, ಎಸೆಯಿರಿ. ಮಂಡ್ಯದ ಕಡೆಯ ಹಳ್ಳಿಯಲ್ಲಿ ಬೆಳೆದ ನಮ್ಮ ಅತ್ತೆಯವರದು ಮೂಗಿನ ಪಕ್ಷ: ‘ಮೂಸಿ ನೋಡಮ್ಮ, ನಾಲಿಗೆಗೆ ಹಚ್ಚಿ ನೋಡು, ಅಚ್ಚು ಹೊಡೆದವನಿಗೆ ನಮ್ಮ ಮನೆ ಡಬ್ಬಿ ಗೊತ್ತೇ?’ ನಾನು ಮೂರನೆಯ ದಾರಿ ಹಿಡಿದೆ: ಪ್ರತಿ ಡಬ್ಬಿಗೂ ನಾವೇ ಒಂದೇ ರೀತಿಯ ಚೀಟಿ ಅಂಟಿಸುವುದು. ಒಂದು ವರ್ಷ ಮೂರನ್ನೂ ಬಳಸಿ ನೋಡಿದ ಮೇಲೆ ಯಾವುದು ಎಲ್ಲಿಗೆ ಸಲ್ಲುತ್ತದೆ ಎನ್ನುವುದು ಸುಮಾರಾಗಿ ತಿಳಿದಿದೆ.

ಪ್ಯಾಕೆಟ್ ಹೇಳುವುದು

ಪ್ಯಾಕೆಟ್ ಮೇಲೆ ಎರಡು ಬಗೆಯ ಮಾತು ಇರುತ್ತದೆ. ‘ಬೆಸ್ಟ್ ಬಿಫೋರ್’ ಎಂದರೆ ಆ ದಿನದವರೆಗೆ ರುಚಿ, ಘಮ, ಗರಿಗರಿ ಎಲ್ಲವೂ ತಯಾರಕರು ಹೇಳಿಕೊಂಡಂತೆ ಇರುತ್ತವೆ ಎಂದರ್ಥ. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಎಂದರೆ ಅದಾದ ಮೇಲೆ ಗುಣಮಟ್ಟಕ್ಕೂ ಸುರಕ್ಷತೆಗೂ ಭರವಸೆ ಇಲ್ಲ, ಮಾರುವಂತೆಯೂ ಇಲ್ಲ. ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಲ್ಲೇ ಈ ವ್ಯತ್ಯಾಸ ಬರೆದಿದೆ. ಬೆಸ್ಟ್ ಬಿಫೋರ್ ದಾಟಿದ ಪದಾರ್ಥ ತಿನ್ನಲು ಪೂರ್ತಿ ಸುರಕ್ಷಿತವಾಗಿಯೇ ಇರಬಹುದು ಎಂದು ವ್ಯಾಖ್ಯೆಯೇ ಒಪ್ಪಿಕೊಳ್ಳುತ್ತದೆ. ನಾವು ಮನೆಯಲ್ಲಿ ಮೊದಲನೆಯದನ್ನು ‘ರುಚಿಯ ಗಡುವು’ ಎಂದೂ ಎರಡನೆಯದನ್ನು ‘ಕೊನೆಯ ದಿನ’ ಎಂದೂ ಕರೆದುಕೊಂಡಿದ್ದೇವೆ.

ತೊಡಕು ಇರುವುದು ಮುಂದೆ. 2020ರ ಲೇಬಲ್ ನಿಯಮಾವಳಿಯಲ್ಲಿ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನ ಮತ್ತು ಎಕ್ಸ್‌ಪೈರಿ ದಿನ ಎರಡೂ ಕಡ್ಡಾಯವಾದವು. ಬೆಸ್ಟ್ ಬಿಫೋರ್ ಬೇಕಾದರೆ ಸೇರಿಸಬಹುದಾದ ಹೆಚ್ಚುವರಿ ಸಾಲಾಯಿತು. ಏಕರೂಪ ಬಂತು, ನಿಜ. ಆದರೆ ಪನೀರಿಗೂ ಶಾವಿಗೆಗೂ ಒಂದೇ ಕಠಿಣ ಪದ ಅಂಟಿಕೊಂಡಿತು. ಎಕ್ಸ್‌ಪೈರಿ ಎಂಬ ಮಾತು ನಮ್ಮ ಮನೆಗಳಿಗೆ ಮೊದಲು ಬಂದದ್ದು ಔಷಧದ ಅಂಗಡಿಯಿಂದ. ಮಾತ್ರೆಯ ಹಾಳೆಯ ಮೇಲೆ ಓದಿ ಕಲಿತ ಭಯವನ್ನು ನಾವು ಒಣ ಶಾವಿಗೆಯ ಮೇಲೂ ಹಾಗೆಯೇ ಹೊರಿಸುತ್ತೇವೆ.

ಅಂದ ಹಾಗೆ, ಈ ದಿನಾಂಕವನ್ನು ಸರ್ಕಾರ ಲೆಕ್ಕ ಹಾಕುವುದಿಲ್ಲ, ತಯಾರಕರೇ ನಿರ್ಧರಿಸುತ್ತಾರೆ. ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಮೈಸೂರಿನವರು ದೂರ ಹೋಗಬೇಕಾಗಿಲ್ಲ. ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಸೈನಿಕರ ಬುತ್ತಿ ಕೆಡದಂತೆ ಮಾಡುವ ಕೆಲಸಕ್ಕೆಂದು 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಡಿಎಫ್‌ಆರ್‌ಎಲ್, ಎರಡೂ ನಮ್ಮ ಊರಿನವೇ. ಪ್ಯಾಕೆಟ್ಟುಗಳನ್ನು ಬೇಕೆಂದೇ ಸೆಕೆ ಮತ್ತು ತೇವ ಹೆಚ್ಚಿರುವ ಪೆಟ್ಟಿಗೆಗಳಲ್ಲಿ ಇಟ್ಟು, ಗೊತ್ತುಮಾಡಿದ ದಿನಗಳಿಗೊಮ್ಮೆ ತೆಗೆದು, ತೇವಾಂಶ ಎಷ್ಟಾಯಿತು, ಎಣ್ಣೆ ಕಮಟಾಯಿತೇ, ಸೂಕ್ಷ್ಮಜೀವಿ ಬೆಳೆಯಿತೇ ಎಂದು ಅಳೆಯುವುದು ಈ ವಿದ್ಯೆಯ ಸಾಮಾನ್ಯ ಕ್ರಮ. ಕೊನೆಗೆ ರುಚಿ ನೋಡುವ ತಂಡವೂ ಕೂರುತ್ತದೆ. ಅಂದರೆ ಅತ್ತೆಯವರ ವಿಧಾನಕ್ಕೂ ಅಲ್ಲೊಂದು ಮಣೆ ಇದೆ. ಸಿಕ್ಕ ಲೆಕ್ಕದಿಂದ ಸ್ವಲ್ಪ ಹಿಂದಕ್ಕೆ ಸರಿದು ತಯಾರಕರು ದಿನಾಂಕ ಅಚ್ಚು ಹಾಕುತ್ತಾರೆ.

ಈ ಲೆಕ್ಕವೆಲ್ಲ ಪ್ಯಾಕೆಟ್ ಮುಚ್ಚಿರುವಾಗ, ಬರೆದಿರುವ ತಂಪಿನಲ್ಲಿ ಇಟ್ಟಿರುವಾಗ ಮಾತ್ರ ನಿಲ್ಲುತ್ತದೆ. ಹಾಲಿನ ಪ್ಯಾಕೆಟ್ ಬೆಳಗಿನ ಐದೂವರೆಯಿಂದ ಎಂಟರವರೆಗೆ ಗೇಟಿಗೆ ತೂಗುಹಾಕಿದ ಚೀಲದಲ್ಲಿ ಇದ್ದರೆ ಅದರ ಮೇಲಿನ ದಿನಾಂಕ ಆ ಚೀಲವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಒಡೆದ ಪ್ಯಾಕೆಟ್ಟಿನ ಕತೆಯೂ ಅಷ್ಟೇ. ಕೆಲವು ಸಾಸ್, ಹಣ್ಣಿನ ರಸಗಳ ಮೇಲೆ ‘ತೆರೆದ ಮೇಲೆ ಇಷ್ಟು ದಿನದಲ್ಲಿ ಬಳಸಿ’ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಆದರೆ ತೆರೆದದ್ದು ಯಾವತ್ತು? ಅದನ್ನು ಅಚ್ಚು ಹಾಕಲು ಯಾವ ಕಾರ್ಖಾನೆಗೂ ಆಗುವುದಿಲ್ಲ.

ಇನ್ನೊಂದು ದೂರು ನನ್ನದು. ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇದ್ದರೆ ಸಾಕು; ಬೇರೆ ಭಾಷೆ ಸೇರಿಸುವುದು ತಯಾರಕರ ಇಷ್ಟ. ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಅತ್ತೆಯವರಿಗೆ ಬಿಸ್ಕೆಟ್ ಪೊಟ್ಟಣದ ಬೆನ್ನು ಓದಲು ಮೊಮ್ಮಗಳು ಬೇಕು. ಅವರು ಮೂಗನ್ನು ನಂಬುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ತಡವಾಗಿ ಹೊಳೆಯಿತು.

ಮೂಗಿನ ಬಲ, ಮೂಗಿನ ಮಿತಿ

ಒಣ ಪದಾರ್ಥಗಳ ವಿಷಯದಲ್ಲಿ ಅತ್ತೆಯವರು ಹತ್ತಕ್ಕೆ ಒಂಬತ್ತು ಸಲ ಸರಿ. ಅವರ ಊರಿನಲ್ಲಿ ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ತುಂಬಿ ಬಾಯಿ ಮುಚ್ಚುತ್ತಿದ್ದರು. ವರ್ಷಗಳ ಮೇಲೆ ತೆಗೆದರೂ ಮುದ್ದೆಗೆ ಕುಂದಿಲ್ಲ. (ಹಗೇವಿನ ಬಾಯಿ ತೆರೆದ ಕೂಡಲೇ ಇಳಿಯಬಾರದು, ಒಳಗಿನ ಗಾಳಿ ಉಸಿರು ಕಟ್ಟಿಸುತ್ತದೆ ಎನ್ನುವುದನ್ನು ಅವರು ಪ್ರತಿ ಸಲವೂ ಹೇಳುತ್ತಾರೆ, ನಮ್ಮ ಮನೆಯಲ್ಲಿ ಹಗೇವು ಇದೆಯೇನೋ ಎಂಬಂತೆ.) ಆದರೆ ಅದೇ ರಾಗಿ ಮಿಲ್ಲಿಗೆ ಹೋಗಿ ಹಿಟ್ಟಾದರೆ ಲೆಕ್ಕ ಬೇರೆ. ಕಾಳಿನ ಒಳಗಿದ್ದ ಕೊಬ್ಬಿನಂಶ ಹಿಟ್ಟಾದಾಗ ಗಾಳಿಗೆ ಸಿಗುತ್ತದೆ, ನಿಧಾನವಾಗಿ ಕಹಿಗೆ ತಿರುಗುತ್ತದೆ. ಸಜ್ಜೆಯ ಹಿಟ್ಟಂತೂ ಇನ್ನೂ ಬೇಗ ಕೆಡುತ್ತದೆ. ಇದನ್ನು ಮೂಗು ಮತ್ತು ನಾಲಿಗೆ ಯಾವ ಅಚ್ಚಿಗಿಂತಲೂ ಚೆನ್ನಾಗಿ ಹಿಡಿಯುತ್ತವೆ. ಕಡಲೆಕಾಯಿ ಬೀಜ, ಕೊಬ್ಬರಿ, ಎಳ್ಳು, ಅಡುಗೆ ಎಣ್ಣೆ ಇವಕ್ಕೂ ಇದೇ ಮಾತು.

ಮೂಗು ಸೋಲುವುದು ಫ್ರಿಜ್ಜಿನಲ್ಲಿ. ಆಹಾರವನ್ನು ಹಳಸಿಸಿ ವಾಸನೆ ಬರಿಸುವ ಜೀವಿಗಳೇ ಬೇರೆ, ನಮ್ಮನ್ನು ಮಲಗಿಸುವ ಜೀವಿಗಳೇ ಬೇರೆ. ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಸೇರಿಕೊಂಡ ಪದಾರ್ಥ ಬಣ್ಣಗೆಡದೆ, ವಾಸನೆ ಬಾರದೆ ಇರಬಹುದು. ಲಿಸ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ರಾತ್ರಿಯ ಅನ್ನವನ್ನು ಹೊರಗೇ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವ ಮನೆಗಳು ಇನ್ನೊಂದನ್ನು ನೆನಪಿಡಬೇಕು: ಬ್ಯಾಸಿಲಸ್ ಸೀರಿಯಸ್ ಎಂಬ ಜೀವಿ ಬಿಸಿ ಆರಿದ ಅನ್ನದಲ್ಲಿ ಬಿಡುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವುದಿಲ್ಲ. ಉಳಿದ ಅನ್ನವನ್ನು ಊಟ ಮುಗಿದ ಸ್ವಲ್ಪ ಹೊತ್ತಿಗೇ ಫ್ರಿಜ್ಜಿಗೆ ಸೇರಿಸಿದರೆ ಚಿತ್ರಾನ್ನಕ್ಕೆ ಅಡ್ಡಿಯಿಲ್ಲ.

ಬೂಷ್ಟಿನ ಬಗ್ಗೆ ಅತ್ತೆಯವರಿಗೂ ನನಗೂ ಇನ್ನೂ ರಾಜಿಯಾಗಿಲ್ಲ. ಬ್ರೆಡ್ಡಿನ ಬೂಷ್ಟು ಬಂದ ಮೂಲೆ ಕಿತ್ತು ಉಳಿದದ್ದು ತಿನ್ನಬಹುದು ಎನ್ನುವುದು ಅವರ ನಂಬಿಕೆ. ಮೆತ್ತನೆಯ ಪದಾರ್ಥದಲ್ಲಿ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಒಳಗೆ ಹೋಗಿರುತ್ತವೆ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗದು. ಇವೆರಡನ್ನೂ ನಾನು ಕೇಳದೆಯೇ ಎಸೆಯುತ್ತೇನೆ.

ಚೀಟಿ

ಬಣ್ಣ ಬಳಿಯುವವರು ಕಿಟಕಿಯ ಅಂಚಿಗೆ ಅಂಟಿಸುವ ಕಾಗದದ ಟೇಪು ಒಂದು ಸುರುಳಿ, ಒಂದು ಮಾರ್ಕರ್ ಪೆನ್ನು. ಇಷ್ಟೇ ಬಂಡವಾಳ. ಚೀಟಿಯಲ್ಲಿ ಎರಡು ಸಾಲು, ಕನ್ನಡದಲ್ಲಿ: ‘ಒಡೆದದ್ದು’, ‘ಗಡುವು’. ಪ್ಯಾಕೆಟ್ಟಿನಲ್ಲಿ ರುಚಿಯ ಗಡುವು ಇದ್ದರೆ ಕಪ್ಪು ಮಸಿ, ಫ್ರಿಜ್ಜಿನ ಸಾಮಾನಿನ ಕೊನೆಯ ದಿನವಾದರೆ ಕೆಂಪು. ಬರೆಯಲು ಸೋಮಾರಿತನವಾದ ದಿನ ಪ್ಯಾಕೆಟ್ಟಿನ ದಿನಾಂಕವಿರುವ ತುಂಡನ್ನೇ ಕತ್ತರಿಸಿ ಡಬ್ಬಿಯ ತಳಕ್ಕೆ ಅಂಟಿಸುತ್ತೇನೆ.

ಮೊದಲ ತಿಂಗಳು ಮನೆಯವರೆಲ್ಲ ನಕ್ಕರು. ಚೀಟಿಯಿಂದ ಆದ ದೊಡ್ಡ ಲಾಭ ನಾನು ಎಣಿಸಿರದ ಕಡೆಯಿಂದ ಬಂತು. ಹೊಸ ಪ್ಯಾಕೆಟ್ ಸುರಿಯುವ ಮುಂಚೆ ಹಳೆಯ ಚೀಟಿ ಕೀಳಲೇಬೇಕಲ್ಲ, ಆಗ ಡಬ್ಬಿಯ ತಳದಲ್ಲಿ ಉಳಿದಿರುವ ಎರಡು ಹಿಡಿ ಕಣ್ಣಿಗೆ ಬೀಳುತ್ತದೆ. ಹಳೆಯದರ ಮೇಲೆ ಹೊಸದನ್ನು ಸುರಿಯುವುದು ನಮ್ಮ ಮನೆಗಳ ಹಳೆಯ ಅಭ್ಯಾಸ. ತಳದ ಆ ಎರಡು ಹಿಡಿ ವರ್ಷಗಟ್ಟಲೆ ಅಲ್ಲೇ ಇದ್ದು, ಹುಳು ಹುಟ್ಟಿಸಿ, ಮೇಲಿನ ಕಿಲೋವನ್ನೂ ಕೆಡಿಸುತ್ತದೆ. ಈಗ ತಳದ್ದನ್ನು ಬಟ್ಟಲಿಗೆ ತೆಗೆದು, ಡಬ್ಬಿ ಒರೆಸಿ ಒಣಗಿಸಿ, ಹೊಸದನ್ನು ಹಾಕಿ, ಹಳೆಯದನ್ನು ಅಂದೇ ಉಪ್ಪಿಟ್ಟಿಗೆ ಬಳಸುತ್ತೇವೆ.

ಚೀಟಿಯ ದೋಷವೂ ಇದೆ. ಒಬ್ಬರೇ ಬರೆಯುವ ಮನೆಯಲ್ಲಿ ಅದು ಆ ಒಬ್ಬರಿಗೆ ಇನ್ನೊಂದು ಚಾಕರಿಯಾಗುತ್ತದೆ. ಡಬ್ಬಿ ತುಂಬಿದವರೇ ಬರೆಯಬೇಕು ಎಂಬ ನಿಯಮ ಇಲ್ಲದಿದ್ದರೆ ಹದಿನೈದು ದಿನಕ್ಕೆ ಬಿದ್ದುಹೋಗುತ್ತದೆ.

ಯಾವುದಕ್ಕೆ ಯಾವುದು

ಹಾಲು, ಪನೀರು, ಕೋಳಿ ಮಾಂಸ, ಮೀನು, ಹೆಚ್ಚಿಟ್ಟ ಹಣ್ಣು ಇವುಗಳಿಗೆ ಪ್ಯಾಕೆಟ್ ಹೇಳಿದ್ದೇ ಕೊನೆ. ಮೂಗು ‘ಬೇಡ’ ಎಂದರೆ ಅದಕ್ಕೂ ಮುಂಚೆ ಎಸೆಯಿರಿ, ‘ಪರವಾಗಿಲ್ಲ’ ಎಂದರೆ ಮಾತ್ರ ಕೇಳಬೇಡಿ. ಮಗುವಿನ ಹಾಲಿನ ಪುಡಿಯೂ ಈ ಸಾಲಿನದೇ. ದಿನ ಕಳೆದಂತೆ ಅದರ ಪೋಷಕಾಂಶ ಬರೆದ ಪ್ರಮಾಣದಲ್ಲಿ ಉಳಿಯುವುದಿಲ್ಲ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ದಿನಾಂಕದ ಕಾನೂನು ಇರುವುದು ಈ ಒಂದು ಪದಾರ್ಥಕ್ಕೆ ಮಾತ್ರ.

ಅಂಗಡಿಯ ದೋಸೆ ಹಿಟ್ಟು ಸ್ವಲ್ಪ ತಮಾಷೆಯ ವಸ್ತು. ಹುಳಿ ಬರುವುದೇ ಅದರ ಧರ್ಮ. ಗಡುವಿನ ಹತ್ತಿರದ ಹಿಟ್ಟನ್ನು ಗುಂತಪಂಗಳಕ್ಕೆ ಹಾಕಿದರೆ ಹುಳಿ ಒಳ್ಳೆಯದೇ. ಪೊಟ್ಟಣ ಬಲೂನಿನಂತೆ ಉಬ್ಬಿ, ಹಿಟ್ಟಿನ ಮೇಲೆ ಬಣ್ಣ ತಿರುಗಿದ್ದರೆ ಬೇಡ.

ರವೆ, ಶಾವಿಗೆ, ಅವಲಕ್ಕಿ, ಬೇಳೆಗಳಿಗೆ ಚೀಟಿಯ ಜೊತೆ ಮೂಗು. ರವೆಯನ್ನು ತಂದ ದಿನವೇ ಬೆಚ್ಚಗೆ ಹುರಿದು ಆರಿಸಿ ಇಡುವುದು, ತೊಗರಿಬೇಳೆಗೆ ಒಂದಿಷ್ಟು ಹರಳೆಣ್ಣೆ ಸವರುವುದು, ಅಕ್ಕಿಗೆ ಒಣಗಿಸಿದ ಬೇವಿನ ಎಲೆ ಹಾಕುವುದು, ಇವುಗಳ ಮುಂದೆ ಅಚ್ಚಾದ ದಿನಾಂಕಕ್ಕೆ ಹೆಚ್ಚು ಕೆಲಸವಿಲ್ಲ. ಉಪ್ಪಿನಕಾಯಿಗೆ ದಿನಾಂಕಕ್ಕಿಂತ ಚಮಚ ಮುಖ್ಯ. ಒದ್ದೆ ಚಮಚ ಒಂದು ಸಲ ಮುಳುಗಿದರೆ ಹೊಸ ಉಪ್ಪಿನಕಾಯಿಯೂ ಬೂಷ್ಟು ಹಿಡಿಯುತ್ತದೆ.

ಸಕ್ಕರೆ, ವಿನೆಗರ್, ಹೆಚ್ಚದ ಹಸಿ ತರಕಾರಿ ಮತ್ತು ಹಣ್ಣು ಇವುಗಳಿಗೆ ಎಕ್ಸ್‌ಪೈರಿ ದಿನ ಹಾಕಬೇಕೆಂದು ನಿಯಮವೇ ಕೇಳುವುದಿಲ್ಲ. ಮಂಡ್ಯದ ಅಚ್ಚು ಬೆಲ್ಲ ಮಳೆಗಾಲದಲ್ಲಿ ಜಿನುಗಲು ಶುರುವಾದರೆ ಡಬ್ಬಿ ಬದಲಿಸಿ, ಬೆಲ್ಲವನ್ನಲ್ಲ.

ಬಿಡಿ ಸಿಹಿತಿಂಡಿಗೆ ಬಂದರೆ, 2020ರ ಅಕ್ಟೋಬರ್ 1ರಿಂದ ತಟ್ಟೆಯ ಮುಂದೆಯೇ ಬೆಸ್ಟ್ ಬಿಫೋರ್ ದಿನ ತೋರಿಸಬೇಕೆಂದು ಪ್ರಾಧಿಕಾರ ಹೇಳಿತು. ಚೀಟಿ ಕಾಣದಿದ್ದರೆ ಕೇಳಿ. ಮೈಸೂರು ಪಾಕಿನಂಥ ತುಪ್ಪ-ಸಕ್ಕರೆಯ ತಿಂಡಿ ತಾಳುತ್ತದೆ, ಹಾಲಿನಿಂದ ಮಾಡಿದ್ದು ತಾಳುವುದಿಲ್ಲ. ನೆಂಟರ ಮನೆಗೆ ಒಯ್ಯುವವರು ಒಂದೇ ಡಬ್ಬಿಯಲ್ಲಿ ಎರಡನ್ನೂ ಕಟ್ಟಿಸಬೇಡಿ.

ಕೊಳ್ಳುವಾಗಿನ ಆಯ್ಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊಸರಿನ ಸಾಲಿನಲ್ಲಿ ಕೈಯನ್ನು ಮೊಣಕೈವರೆಗೆ ತೂರಿಸಿ ಹಿಂದಿನ ಪೊಟ್ಟಣ ಎಳೆಯುವವರಲ್ಲಿ ನಾನೂ ಒಬ್ಬಳಾಗಿದ್ದೆ. ಇಂದು ರಾತ್ರಿಯೇ ಮಜ್ಜಿಗೆಹುಳಿ ಮಾಡುವುದಿದ್ದರೆ ನಾಳೆ ಗಡುವಿರುವ ಮುಂದಿನ ಪೊಟ್ಟಣ ಸಾಕು. ನಾವು ಬಿಟ್ಟದ್ದನ್ನು ಅಂಗಡಿಯವರು ಎಸೆಯುತ್ತಾರೆ. ಮೊಬೈಲಿನಲ್ಲಿ ತರಿಸುವವರಿಗೆ ಒಂದು ಮಾಹಿತಿ: 2024ರ ನವೆಂಬರಿನಲ್ಲಿ ಪ್ರಾಧಿಕಾರವು ಆನ್‌ಲೈನ್ ಮಾರಾಟಗಾರರಿಗೆ, ಮನೆಗೆ ತಲುಪುವಾಗ ಪದಾರ್ಥದ ಆಯುಸ್ಸಿನಲ್ಲಿ ಶೇ 30ರಷ್ಟಾಗಲಿ 45 ದಿನವಾಗಲಿ ಉಳಿದಿರುವಂತೆ ನೋಡಿಕೊಳ್ಳಿ ಎಂದು ಸೂಚಿಸಿದೆ. ಡಬ್ಬಿ ಒಡೆಯುವ ಮುಂಚೆ ನೋಡಿದರೆ ದೂರಲು ಆಧಾರವಿರುತ್ತದೆ.

ನಿಮ್ಮ ಮನೆ ಯಾವುದು? ದಿನಸಿ ಬಂದ ತಿಂಗಳೇ ಮುಗಿಯುವ ದೊಡ್ಡ ಸಂಸಾರಕ್ಕೆ ಚೀಟಿ ದಂಡ. ಫ್ರಿಜ್ಜಿನ ಸಾಮಾನಿಗೆ ಪ್ಯಾಕೆಟ್, ಉಳಿದದ್ದಕ್ಕೆ ಮೂಗು ಸಾಕು. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ ಇಬ್ಬರೇ ಉಳಿದ, ಆದರೂ ಹಳೆಯ ಲೆಕ್ಕದಲ್ಲೇ ಕಿಲೋಗಟ್ಟಲೆ ತರುವ ಮನೆಗಳಿಗೆ ಚೀಟಿಯಷ್ಟು ಉಪಯೋಗದ್ದು ಬೇರಿಲ್ಲ. ಬಸುರಿ, ಕೂಸು, ತೀರಾ ವಯಸ್ಸಾದವರು ಇದ್ದರೆ ಕೆಂಪು ಮಸಿಯ ಚೀಟಿಗೆ ವಿನಾಯಿತಿ ಕೊಡಬೇಡಿ. ಬಾಡಿಗೆ ಕೋಣೆಯ ವಿದ್ಯಾರ್ಥಿಗಳು ಚಿಕ್ಕ ಪೊಟ್ಟಣ ತಂದು ಮುಗಿಸಿದರೆ ಈ ಮೂರೂ ಬೇಕಾಗುವುದಿಲ್ಲ.

ಬೇರೆ ದೇಶಗಳ ದಾರಿ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಪೋಲಾಗುತ್ತದೆ ಎಂದು ಅಂದಾಜಿಸಿದೆ. ಬಾಳೆಸಿಪ್ಪೆ, ಮೂಳೆಯಂಥ ತಿನ್ನಲಾಗದ ಭಾಗವೂ ಈ ಲೆಕ್ಕದಲ್ಲಿದೆ. ಇದರಲ್ಲಿ ದಿನಾಂಕದ ಗೊಂದಲದ ಪಾಲು ಎಷ್ಟೋ. ನಮ್ಮ ಮನೆಯ ಬಕೆಟ್ ನೋಡಿ ಹೇಳುವುದಾದರೆ ಹೆಚ್ಚಿನದು ಉಳಿದ ಸಾರು, ಅನ್ನ. ಐರೋಪ್ಯ ಒಕ್ಕೂಟದಲ್ಲಿ ವರ್ಷದ 8.8 ಕೋಟಿ ಟನ್ ಪೋಲಿನಲ್ಲಿ ಶೇ 10ರವರೆಗೆ ದಿನಾಂಕದ ಬರಹಕ್ಕೆ ಸಂಬಂಧಿಸಿದ್ದು ಎಂದು 2018ರ ಅಧ್ಯಯನವೊಂದು ಕಂಡುಕೊಂಡಿತು.

ಕ್ಯಾಲಿಫೋರ್ನಿಯಾ 2024ರಲ್ಲಿ ಒಂದು ಕಾನೂನು ಮಾಡಿತು: 2026ರ ಜುಲೈ 1ರಿಂದ ಗುಣಮಟ್ಟಕ್ಕೆ ಒಂದೇ ಪದಗುಚ್ಛ, ಸುರಕ್ಷತೆಗೆ ಒಂದೇ ಪದಗುಚ್ಛ, ಗ್ರಾಹಕರಿಗೆ ಕಾಣುವಂತೆ ‘ಸೆಲ್ ಬೈ’ ಎಂದು ಬರೆಯುವಂತಿಲ್ಲ. ಅದು ಅಂಗಡಿಯವರು ಸರಕು ತಿರುಗಿಸಲು ಇಟ್ಟುಕೊಂಡ ದಿನ, ಜನ ಅದನ್ನೇ ಕೊನೆಯ ದಿನವೆಂದು ಓದುತ್ತಿದ್ದರು. ಬ್ರಿಟನ್ನಿನಲ್ಲಿ 2022ರಲ್ಲಿ ಕೆಲವು ದೊಡ್ಡ ಅಂಗಡಿಗಳು ಹಸಿ ತರಕಾರಿ-ಹಣ್ಣುಗಳ ಪೊಟ್ಟಣದಿಂದ ಬೆಸ್ಟ್ ಬಿಫೋರನ್ನೇ ತೆಗೆದವು. ಅಲ್ಲಿನ ಮಾರಿಸನ್ಸ್ ಎಂಬ ಅಂಗಡಿ ಸರಣಿ ತನ್ನ ಹೆಚ್ಚಿನ ಹಾಲಿಗೆ ಯೂಸ್ ಬೈ ಬಿಟ್ಟು ಬೆಸ್ಟ್ ಬಿಫೋರ್ ಹಾಕಿ, ಮೂಸಿ ನೋಡಿ ಎಂದಿತು. ಇದನ್ನು ಓದಿ ಹೇಳಿದಾಗ ಅತ್ತೆಯವರ ಮುಖ ನೋಡಬೇಕಿತ್ತು. ಆದರೆ ಆ ಹಾಲು ಕಾರ್ಖಾನೆಯಿಂದ ಫ್ರಿಜ್ಜಿನವರೆಗೆ ತಂಪು ತಪ್ಪದ ದಾರಿಯಲ್ಲಿ ಬರುತ್ತದೆ. ಏಪ್ರಿಲ್ ಬಿಸಿಲು, ಕರೆಂಟು ಹೋಗುವ ಊರು, ಗೇಟಿಗೆ ತೂಗುವ ಚೀಲ ಇರುವ ನಮಗೆ ಹಾಲಿನಲ್ಲಿ ಆ ದಾರಿ ಬೇಡ. ತರಕಾರಿಯಲ್ಲಿ ಬೇಕು, ದೇವರಾಜ ಮಾರುಕಟ್ಟೆಯ ಬದನೆಕಾಯಿಗೆ ಯಾರೂ ದಿನಾಂಕ ಕೇಳಿದ್ದಿಲ್ಲ, ಅದೇ ಬದನೆಕಾಯಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಕುಳಿತರೆ ಏಕೆ ಕೇಳಬೇಕು?

ನನ್ನ ಆಯ್ಕೆ ಕ್ಯಾಲಿಫೋರ್ನಿಯಾದ್ದು, ಜೊತೆಗೆ ಕನ್ನಡ ಅಕ್ಷರ. ಒಣ ಪದಾರ್ಥಕ್ಕೆ ರುಚಿಯ ಗಡುವು, ಬೇಗ ಕೆಡುವುದಕ್ಕೆ ಕೊನೆಯ ದಿನ. ಎರಡೂ ಒಂದೇ ಪೊಟ್ಟಣದ ಮೇಲೆ ಬೇಡ.

ಮಾಡಿ ಮಾರುವವರಿಗೆ

ಚಟ್ನಿಪುಡಿ, ಹಪ್ಪಳ, ನಿಪ್ಪಟ್ಟು ಮಾಡಿ ಮಾರುವ ಸ್ವಸಹಾಯ ಸಂಘಗಳು ಮಂಡ್ಯ-ಮೈಸೂರಿನಲ್ಲಿ ಬೇಕಾದಷ್ಟಿವೆ. ಕಡ್ಡಾಯದ ಸಾಲುಗಳನ್ನು ನಿಯಮದಂತೆ ಹಾಕಿ, ಅದರ ಪಕ್ಕದಲ್ಲಿ ಕನ್ನಡದಲ್ಲಿ ಒಂದು ಸಾಲು ಸೇರಿಸಲು ಯಾರ ಅಡ್ಡಿಯೂ ಇಲ್ಲ. ‘ಪ್ಯಾಕ್ ಮಾಡಿದ ದಿನದಿಂದ ನಾಲ್ಕು ತಿಂಗಳು’ ಎಂದು ಗ್ರಾಹಕರಿಗೆ ಲೆಕ್ಕ ಬಿಡುವ ಬದಲು ತಿಂಗಳ ಹೆಸರನ್ನೇ ಬರೆಯಿರಿ. 05-06 ಎಂದರೆ ಮೇ ತಿಂಗಳ ಆರೋ, ಜೂನ್ ಐದೋ ಎಂದು ನಾನೇ ಎಷ್ಟೋ ಸಲ ನಿಂತಿದ್ದೇನೆ. ಕೊಬ್ಬರಿ ಹಾಕಿದ ಚಟ್ನಿಪುಡಿಗೂ ಹಾಕದ್ದಕ್ಕೂ ಒಂದೇ ಗಡುವು ಹೊಡೆಯಬೇಡಿ, ಕೊಬ್ಬರಿಯದು ಬೇಗ ಕಮಟಾಗುತ್ತದೆ. ‘ಒಡೆದ ದಿನ’ ಎಂದು ಬರೆದು ಮುಂದೆ ಎರಡಂಗುಲ ಖಾಲಿ ಜಾಗ ಬಿಟ್ಟರೆ ಇನ್ನೂ ಒಳ್ಳೆಯದು. ಅಚ್ಚು ಹೊಡೆದ ಮೇಲೆ ಎಣ್ಣೆ ಕೈಯಲ್ಲಿ ಒಂದು ಸಲ ಉಜ್ಜಿ ನೋಡಿ. ನಾವು ಹೋದ ತಿಂಗಳು ತಂದ ನಿಪ್ಪಟ್ಟಿನ ಪೊಟ್ಟಣದ ದಿನಾಂಕ ಮನೆ ತಲುಪುವ ಮುಂಚೆಯೇ ಮಗಳ ಹೆಬ್ಬೆರಳಿಗೆ ಅಂಟಿಕೊಂಡಿತ್ತು.